ಇರಾನಿನ ಹೆಣ್ಣುಮಕ್ಕಳ ಹೋರಾಟ ಅಮೆರಿಕದ ಆಟವೇ?

ಪ್ರಶ್ನೆ: ಇರಾನಿನ ಹೆಂಗಸರಿಗೆ, ಪತ್ರಕರ್ತೆಯರಿಗೆ ಹೊರದೇಶದವರು ಬೆಂಬಲ ಕೊಡ್ತಾರಲ್ಲ ಮೇಡಂ, ಇದೆಲ್ಲ ಅಮೆರಿಕದ ಆಟ ಅಲ್ವಾ?

ಸಿರುಗುಪ್ಪ, ಸಿಂಧನೂರು, ಗಂಗಾವತಿ, ಎಲ್ಲಿಂದ ಪತ್ರ ಬಂದರೂ ಇದೇ ಪ್ರಶ್ನೆ. ಇನ್ನೊಮ್ಮೆ ಹೇಳುತ್ತೇನೆ, ಅಲ್ಲ.

2022ರ ಸೆಪ್ಟೆಂಬರ್. ಹಿಜಾಬ್ ಸರಿಯಿಲ್ಲವೆಂದು ಪೊಲೀಸರು ಹಿಡಿದುಕೊಂಡು ಹೋದ 22 ವರ್ಷದ ಮಹ್ಸಾ ಅಮೀನಿ ಟೆಹ್ರಾನಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕಾರಿಡಾರಿನಲ್ಲಿ ಮನೆಯವರು ತಬ್ಬಿಕೊಂಡು ನಿಂತ ಚಿತ್ರವನ್ನು ಜನರಿಗೆ ತೋರಿಸಿದವರು ನಿಲೂಫರ್ ಹಮೀದಿ. ಅಲ್ಲಿನದೇ 'ಶರ್ಘ್' ಪತ್ರಿಕೆಯ ವರದಿಗಾರ್ತಿ. ಮಹ್ಸಾಳ ಊರು ಸಕ್ಕೆಜ್‌ಗೆ ಮಣ್ಣಿಗೆ ಹೋಗಿ ಬರೆದವರು ಇಲಾಹೆ ಮೊಹಮ್ಮದಿ, 'ಹಮ್ ಮಿಹಾನ್' ಪತ್ರಿಕೆಯವರು. ಆ ಮಣ್ಣಿನ ಹೊತ್ತಿಗೆ ಕೂಗಿದ 'ಜಿನ್, ಜಿಯಾನ್, ಆಜಾದಿ' (ಹೆಣ್ಣು, ಬದುಕು, ಸ್ವಾತಂತ್ರ್ಯ) ಘೋಷಣೆ ಮಹ್ಸಾಳದೇ ಸಮುದಾಯವಾದ ಕುರ್ದ್ ಹೆಂಗಸರದ್ದು. ಇದರಲ್ಲಿ ಅಮೆರಿಕ ಎಲ್ಲಿ ಬಂತು?

ಇಬ್ಬರನ್ನೂ ಜೈಲಿಗೆ ಹಾಕಿದರು. ಅಮೆರಿಕದ ಜೊತೆ ಸೇರಿದರು ಅನ್ನುವುದೇ ದೊಡ್ಡ ಆರೋಪ. 2024ರಲ್ಲಿ ಇರಾನಿನ ಮೇಲ್ಮನವಿ ನ್ಯಾಯಾಲಯವೇ ಆ ಆರೋಪದಿಂದ ಅವರನ್ನು ಬಿಟ್ಟಿತು! ಅಲ್ಲಿನ ಕೋರ್ಟು ಒಪ್ಪದ ಮಾತನ್ನು ನಾವಿಲ್ಲಿ ಇನ್ನೂ ಹಿಡಿದುಕೊಂಡಿದ್ದೇವೆ.

ಸಂಡೂರಿನ ಜನ ಗಣಿ ಧೂಳಿನ ಬಗ್ಗೆ ದೂರಿದಾಗಲೂ 'ಯಾರದೋ ಕುಮ್ಮಕ್ಕು' ಅಂದವರಿದ್ದರು. ಧೂಳು ಕುಡಿದವರು ಸಂಡೂರಿನವರೇ ಅಲ್ವಾ?

ಅಮೆರಿಕಕ್ಕೆ ಅದರದೇ ಲೆಕ್ಕಾಚಾರ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬೆಂಬಲ ಅಂದರೆ ಅಮೆರಿಕ ಒಂದೇ ಅಲ್ಲ. 2022ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ, ಮಹ್ಸಾ ಸತ್ತ ಮೇಲಿನ ಪ್ರತಿಭಟನೆಗಳನ್ನು ಇರಾನ್ ಹತ್ತಿಕ್ಕಿದ್ದರ ಬಗ್ಗೆ ತನಿಖಾ ತಂಡ ಮಾಡಿತು. ಆ ತಂಡ ಸಾಕ್ಷ್ಯ ಕೂಡಿಟ್ಟು, ನಡೆದದ್ದರಲ್ಲಿ ಮಾನವತೆಯ ವಿರುದ್ಧದ ಅಪರಾಧಗಳೂ ಇವೆ ಎಂದು 2024ರಲ್ಲಿ ವರದಿ ಕೊಟ್ಟಿತು. 2023ರಲ್ಲಿ ಯುನೆಸ್ಕೊ ತನ್ನ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿಯನ್ನು ನಿಲೂಫರ್, ಇಲಾಹೆ ಇಬ್ಬರ ಜೊತೆ ಇರಾನಿನ ಮಾನವ ಹಕ್ಕುಗಳ ಹೋರಾಟಗಾರ್ತಿ ನರ್ಗಿಸ್ ಮೊಹಮ್ಮದಿ ಅವರಿಗೂ ಕೊಟ್ಟಿತು. ನರ್ಗಿಸ್‌ಗೆ ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಅವರು ಜೈಲಿನಲ್ಲಿದ್ದರು, ಓಸ್ಲೋಗೆ ಹೋಗಿ ಅದನ್ನು ತೆಗೆದುಕೊಂಡವರು ಅವರ ಅವಳಿ ಮಕ್ಕಳು.

ಪ್ರಶಸ್ತಿಯ ಸುದ್ದಿ ಎಲ್ಲರಿಗೂ ಗೊತ್ತು. ಆದರೆ ವರದಿಗಾರ್ತಿ ಜೈಲಿಗೆ ಹೋದರೆ ವಕೀಲರ ಫೀಸು ಯಾರು ಕೊಡುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಸುದ್ದಿಗೆ ಇಷ್ಟು ಅಂತ ದುಡ್ಡು ಪಡೆದು ದುಡಿಯುವ ನಮ್ಮ ತಾಲ್ಲೂಕು ವರದಿಗಾರರಿಗೆ ಈ ಚಿಂತೆ ಬೇಗ ಅರ್ಥವಾದೀತು. ನ್ಯೂಯಾರ್ಕಿನ ಪತ್ರಕರ್ತರ ರಕ್ಷಣಾ ಸಮಿತಿ, ಪ್ಯಾರಿಸ್ಸಿನ 'ಗಡಿಗಳಿಲ್ಲದ ವರದಿಗಾರರು' ಸಂಸ್ಥೆಗಳು ಇಂಥ ಹೊತ್ತಿಗೆಂದೇ ತುರ್ತು ನೆರವು ಇಟ್ಟಿವೆ. ವಕೀಲರಿಗೆ, ಆಸ್ಪತ್ರೆಗೆ, ಜೀವಕ್ಕೆ ಅಪಾಯ ಬಂದರೆ ಊರು ಬಿಡುವುದಕ್ಕೆ ದುಡ್ಡು ಅಲ್ಲಿಂದ ಸಿಗುತ್ತದೆ. ಅವು ಸರ್ಕಾರಗಳಲ್ಲ. ಆ ದುಡ್ಡಿನಲ್ಲಿ ನಮ್ಮ ನಿಮ್ಮಂಥವರು ಕೊಟ್ಟ ದೇಣಿಗೆಯೂ ಇರುತ್ತದೆ.