ವಿಮಾನ ಹತ್ತುವ ಮೊದಲು ಅರಬೈಲ್ ಘಟ್ಟ ಹತ್ತಬೇಕು

ಹುಬ್ಬಳ್ಳಿ ಮತ್ತು ಗೋವಾದ ದಾಬೋಲಿಂ ವಿಮಾನ ನಿಲ್ದಾಣಗಳ ನಡುವೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 135 ಕಿ.ಮೀ. ಸಣ್ಣ ಊರುಗಳಿಗೆ ಓಡಾಡುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಬರೀ ಲೆಕ್ಕಕ್ಕೆ 16 ನಿಮಿಷದ ದಾರಿ. ಆದರೆ ಇಷ್ಟು ಹತ್ತಿರದಲ್ಲಿ ಆ ವೇಗ ಸಿಗುವುದೇ ಸ್ವಲ್ಪ ಹೊತ್ತು. ರನ್‌ವೇ ತುದಿಗೆ ಹೋಗಬೇಕು, ಮೇಲೇರಬೇಕು, ಗಾಳಿಗೆ ಎದುರಾಗಿ ಇಳಿಯಲು ಸುತ್ತು ಹಾಕಬೇಕು. ಏನಿಲ್ಲವೆಂದರೂ ಮುಕ್ಕಾಲು ತಾಸು ಇಟ್ಟುಕೊಳ್ಳಬೇಕು.

ಆ ಗೆರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಜೋಯಿಡಾದ ಮೇಲೆಯೇ ಹಾದುಹೋಗುತ್ತದೆ. ಜಿಲ್ಲೆಯಲ್ಲಿ ಮಾತ್ರ ಜನರು ಹತ್ತುವ ಒಂದು ವಿಮಾನ ನಿಲ್ದಾಣವೂ ಇಲ್ಲ.

ಒಮ್ಮೆ ಅಮ್ಮನ ಕಣ್ಣು ತೋರಿಸಲು ಬೆಂಗಳೂರಿಗೆ ಹೊರಟಿದ್ದೆವು. ಕಾರವಾರದಿಂದ ಹುಬ್ಬಳ್ಳಿಗೆ 160 ಕಿ.ಮೀ.ಗೂ ಜಾಸ್ತಿ. ಕತ್ತಲಲ್ಲೇ ಮನೆ ಬಿಟ್ಟೆವು. ಅಂಕೋಲಾ, ಯಲ್ಲಾಪುರ ನಡುವಿನ ಅರಬೈಲ್ ಘಟ್ಟದ ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಅಮ್ಮ ಲಿಂಬೆಹಣ್ಣನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ವಿಮಾನದಲ್ಲಿ ಕೂತದ್ದು ಒಂದು ತಾಸು ಚಿಲ್ಲರೆ, ರಸ್ತೆಯಲ್ಲಿ ಕಳೆದದ್ದು ನಾಲ್ಕು ತಾಸಿಗೂ ಮೇಲೆ. ಶಿರಸಿಯವರಿಗೆ ಹುಬ್ಬಳ್ಳಿ ನೂರು ಕಿ.ಮೀ. ಆಸುಪಾಸು, ನಡುವೆ ಘಟ್ಟವೂ ಇಲ್ಲ. ಕರಾವಳಿಯವರ ಪಾಡೇ ಬೇರೆ.

ಈ ಪಾಡು ಹಳೆಯದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ದಾಟಲು ಒಂದು ಕಾಲದಲ್ಲಿ ತಾರಿಯೇ ಗತಿ. ಆಮೇಲೆ ಸೇತುವೆಗಳು ಬಂದವು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿತು. ಆದರೂ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಮೂರು ವಾರಕ್ಕೆ, ಆಗಸ್ಟ್ 7ರಂದು, ಕಾಳಿಯ ಹಳೆ ಸೇತುವೆ ಬಿತ್ತು. ಇಲ್ಲಿ ಮಳೆಗಾಲದಲ್ಲಿ ಪ್ರಯಾಣದ ಸಮಯವನ್ನು ಕಿಲೋಮೀಟರ್ ನೋಡಿ ಹೇಳಲು ಆಗುವುದಿಲ್ಲ.

ಅದಕ್ಕೇ ಅಂಕೋಲಾದ ಅಲಗೇರಿಯಲ್ಲಿ ಬರಬೇಕಾದ ವಿಮಾನ ನಿಲ್ದಾಣದ ಮೇಲೆ ಇಷ್ಟು ಆಸೆ. 1986ರಲ್ಲಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಶುರುವಾಯಿತು. ಮುಂದಿನ ಹಂತದಲ್ಲಿ ನೌಕಾಪಡೆ ಅಲಗೇರಿಯಲ್ಲಿ ತನ್ನ ವಿಮಾನ ನೆಲೆ ಬೇಕೆಂದಿತು. ಅದರ ಪಕ್ಕದಲ್ಲೇ ಜನರ ವಿಮಾನಕ್ಕೂ ಜಾಗ ಕೊಡಿ ಎಂದು ರಾಜ್ಯ ಸರ್ಕಾರ ಕೇಳಿತು. ಭೂಮಿ ಹೋಗುವವರು ಅಲಗೇರಿ, ಭಾವಿಕೇರಿ, ಬೇಲೆಕೇರಿ ಕಡೆಯವರು. ಸೀಬರ್ಡ್ ನಿರಾಶ್ರಿತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದನ್ನು ಇವರು ಕಣ್ಣಾರೆ ಕಂಡಿದ್ದಾರೆ. ಹೆದರುವುದು ಸಹಜ ಅಲ್ವಾ? ಹಣ, ಮನೆಜಾಗ, ಕೆಲಸ ಎಲ್ಲ ಕೈಗೆ ಬಂದ ಮೇಲೆಯೇ ಅವರನ್ನು ಏಳಿಸಬೇಕು. ನಮ್ಮ ನಾಲ್ಕು ತಾಸು ಉಳಿಸಲು ಅವರ ಮನೆ ಅರ್ಧ ಬೆಲೆಗೆ ಹೋಗಬಾರದು.

ಇನ್ನೊಂದು ಮಾತು. ದಾಬೋಲಿಂ ಕೂಡ ನೌಕಾಪಡೆಯದ್ದು. ಅಲ್ಲಿ ವಾರದ ದಿನಗಳಲ್ಲಿ ಬೆಳಗಿನ ಕೆಲವು ತಾಸು ಪ್ರಯಾಣಿಕರ ವಿಮಾನಗಳಿಗೆ ವರ್ಷಗಟ್ಟಲೆ ನಿರ್ಬಂಧವಿತ್ತು. ಬೆಳಗ್ಗೆ ಹೋಗಿ ಡಾಕ್ಟರನ್ನು ಕಂಡು ರಾತ್ರಿ ಮನೆಗೆ ಮರಳಬೇಕಾದವರಿಗೆ ಆ ಹೊತ್ತೇ ಬೇಕು. ಅಲಗೇರಿಯಲ್ಲಿ ಬೆಳಗಿನ ವಿಮಾನಕ್ಕೆ ಎಷ್ಟು ತಾಸು ಸಿಗುತ್ತದೆ ಎನ್ನುವುದನ್ನು ಈಗಲೇ ಕಾಗದದ ಮೇಲೆ ಬರೆಸಿಕೊಳ್ಳಬೇಕು.