ಮೊದಲು ಖಾತೆ, ಕೊನೆಗೆ ಹೆಸರು

ಜರ್ಮನ್ ಕಾನೂನು ಪಠ್ಯಗಳ ಅನುವಾದ ನನ್ನ ಕಸುಬು. ಬರ್ಲಿನ್‌ನಲ್ಲಿ ಹೊಸ ಸರ್ಕಾರ ಬಂದಾಗಲೆಲ್ಲ ಗೆಳೆಯರು ‘ಯಾರು ಯಾರು ಮಂತ್ರಿ?’ ಎಂದು ಕೇಳುತ್ತಾರೆ. ನಾನು ಆ ಪಟ್ಟಿಯನ್ನು ಕೊನೆಗೆ ನೋಡುತ್ತೇನೆ. ಮೊದಲು ತೆರೆಯುವುದು ಮೈತ್ರಿ ಒಪ್ಪಂದವನ್ನು. 2025ರ ಒಪ್ಪಂದ 144 ಪುಟಗಳದ್ದು. ನಮ್ಮಲ್ಲಿ ಪ್ರಮಾಣವಚನ ಮೊದಲು, ಖಾತೆ ಹಂಚಿಕೆ ಆಮೇಲೆ, ಬಹುಮತ ಸಾಬೀತು ಇನ್ನೂ ಆಮೇಲೆ. ಅಲ್ಲಿ ಎಲ್ಲವೂ ತಿರುವುಮುರುವು.

ಆ ವರ್ಷದ ಫೆಬ್ರುವರಿ 23ರ ಚುನಾವಣೆಯ ಲೆಕ್ಕ ಹೀಗಿತ್ತು: ಒಟ್ಟು 630 ಸ್ಥಾನ, ಬಹುಮತಕ್ಕೆ 316. ಸಂಪ್ರದಾಯವಾದಿ ಸಿಡಿಯು ಮತ್ತು ಅದರ ಬವೇರಿಯಾದ ಸೋದರ ಪಕ್ಷ ಸಿಎಸ್‌ಯು ಸೇರಿ 208. ಎರಡನೇ ಸ್ಥಾನಕ್ಕೆ ಬಂದ ಕಡು ಬಲಪಂಥೀಯ ಪಕ್ಷ ಎಎಫ್‌ಡಿಯ 152 ಸದಸ್ಯರ ಜೊತೆ ಕೈಜೋಡಿಸಲು ಯಾರೂ ಸಿದ್ಧರಿರಲಿಲ್ಲ. ಉಳಿದದ್ದು 120 ಸ್ಥಾನದ ಎಸ್‌ಪಿಡಿ, ಅಂದರೆ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ. ಶೇ 16.4ರಷ್ಟು ಮತ ಪಡೆದು, ಯುದ್ಧಾನಂತರದ ತನ್ನ ಅತಿ ಕಳಪೆ ಫಲಿತಾಂಶ ಕಂಡಿದ್ದ ಪಕ್ಷ ಅದು. ಆದರೂ ಏಳು ಖಾತೆ ಅದರ ಪಾಲಾಯಿತು. ಅವೂ ಸಣ್ಣಪುಟ್ಟವಲ್ಲ: ಹಣಕಾಸು, ರಕ್ಷಣೆ, ಕಾರ್ಮಿಕ, ನ್ಯಾಯ ಎಲ್ಲ ಅದರಲ್ಲೇ. 164 ಸ್ಥಾನದ ಸಿಡಿಯುಗೆ ಚಾನ್ಸಲರ್ (ಸರ್ಕಾರದ ಮುಖ್ಯಸ್ಥರ) ಹುದ್ದೆ ಬಿಟ್ಟರೆ ಸಿಕ್ಕಿದ್ದು, ಚಾನ್ಸಲರ್ ಕಚೇರಿಯ ಮುಖ್ಯಸ್ಥರನ್ನೂ ಸೇರಿಸಿ, ಏಳೇ. 44 ಸ್ಥಾನದ ಸಿಎಸ್‌ಯುಗೆ ಗೃಹ ಖಾತೆಯೂ ಸೇರಿ ಮೂರು. ಖಾತೆಗಳು ಸ್ಥಾನಬಲಕ್ಕೆ ತಕ್ಕಂತೆ ಹಂಚಿಕೆಯಾಗುತ್ತವೆ ಎಂದುಕೊಂಡವರಿಗೆ ಈ ಲೆಕ್ಕ ಕೂಡಿಬರುವುದೇ ಇಲ್ಲ. ತಾನಿಲ್ಲದೆ ಸರ್ಕಾರವಿಲ್ಲ ಎಂದು ಎಸ್‌ಪಿಡಿಗೆ ಗೊತ್ತಿತ್ತು, ಅದಕ್ಕೆ ತಕ್ಕ ಬೆಲೆ ವಸೂಲು ಮಾಡಿತು. ಸಿಡಿಯುಗೆ ಒಂದು ಸಮಾಧಾನ: ಸುಮಾರು ಆರು ದಶಕಗಳ ನಂತರ ವಿದೇಶಾಂಗ ಖಾತೆ ಮನೆಗೆ ಮರಳಿತು.

ಮಂತ್ರಿಗಳನ್ನು ಆರಿಸುವವರು ಯಾರು? ಸಂವಿಧಾನದ 64ನೇ ವಿಧಿಯಂತೆ ಚಾನ್ಸಲರ್ ಹೆಸರು ಸೂಚಿಸುತ್ತಾರೆ, ರಾಷ್ಟ್ರಾಧ್ಯಕ್ಷರು ನೇಮಿಸುತ್ತಾರೆ. ಆದರೆ ತನ್ನ ಖಾತೆಗೆ ಯಾರು ಎಂಬುದನ್ನು ಆಯಾ ಪಕ್ಷವೇ ತೀರ್ಮಾನಿಸುತ್ತದೆ ಎಂದು ಮೈತ್ರಿ ಒಪ್ಪಂದ ಮೊದಲೇ ಬರೆದಿಟ್ಟಿರುತ್ತದೆ. ಸಿಡಿಯು, ಸಿಎಸ್‌ಯು ಏಪ್ರಿಲ್ 28ಕ್ಕೇ ಹೆಸರು ಪ್ರಕಟಿಸಿದವು. ಎಸ್‌ಪಿಡಿ ತನ್ನ ಪಟ್ಟಿಯನ್ನು ಹೊರಗೆ ಬಿಟ್ಟದ್ದು ಮೇ 5ರಂದು, ಸಿಡಿಯುನ ಫ್ರೀಡ್ರಿಷ್ ಮೆರ್ತ್ಸ್ ಅವರನ್ನು ಚಾನ್ಸಲರ್ ಆಗಿ ಸಂಸತ್ತು ಆರಿಸಲು ನಿಗದಿಯಾಗಿದ್ದ ದಿನದ ಹಿಂದಿನ ದಿನ.

ನನಗೆ ನಿಜವಾದ ರುಚಿ ಇರುವುದು ಕ್ರಿಯಾಪದಗಳಲ್ಲಿ. ಹದಿನಾರು ಕಾರ್ಯತಂಡಗಳು ಒಪ್ಪಂದದ ಕರಡು ಬರೆದವು. ಒಮ್ಮತವಾಗದ ವಾಕ್ಯಗಳು ಚೌಕ ಆವರಣದೊಳಗೆ ಬಣ್ಣ ಹಚ್ಚಿಕೊಂಡು ಕೂತಿದ್ದವು. ನೀಲಿ ಅಕ್ಷರ ಸಿಡಿಯು–ಸಿಎಸ್‌ಯು ಬೇಡಿಕೆ, ಕೆಂಪು ಎಸ್‌ಪಿಡಿಯದು. ಅಂತಿಮ ಪಠ್ಯದಲ್ಲಿ ಬಣ್ಣ ಅಳಿದುಹೋಗುತ್ತದೆ, ಜಗಳ ಮಾತ್ರ ಕ್ರಿಯಾಪದದಲ್ಲಿ ಉಳಿದುಬಿಡುತ್ತದೆ. ‘ಮಾಡುತ್ತೇವೆ’ ಎಂದಿದ್ದರೆ ಒಪ್ಪಿಗೆಯಾಗಿದೆ. ‘ಪರಿಶೀಲಿಸುತ್ತೇವೆ’ ಎಂದಿದ್ದರೆ ಇಬ್ಬರಲ್ಲಿ ಒಬ್ಬರು ಪಟ್ಟು ಸಡಿಲಿಸಿಲ್ಲ. ಅನುವಾದಿಸುವಾಗ ಈ ಎರಡನ್ನು ಅದಲುಬದಲು ಮಾಡಿದರೆ ಒಂದು ನೀತಿಯನ್ನೇ ಸೃಷ್ಟಿಸಿದಂತಾಗುತ್ತದೆ.

ಇವೆಲ್ಲಕ್ಕೂ ಮಿಗಿಲಾದ ಒಂದು ವಾಕ್ಯ 2025ರ ಒಪ್ಪಂದದಲ್ಲಿದೆ: ಇದರಲ್ಲಿರುವ ಎಲ್ಲ ಕ್ರಮಗಳೂ ಹಣ ಒದಗಿದರೆ ಮಾತ್ರ. ಅಂದರೆ 144 ಪುಟಗಳ ಬೀಗದ ಕೈ ಹಣಕಾಸು ಸಚಿವ, ಉಪಚಾನ್ಸಲರ್ ಲಾರ್ಸ್ ಕ್ಲಿಂಗ್‌ಬೈಲ್ ಅವರ ಬಳಿ. ಸಂಪುಟದ ಕಾರ್ಯನಿಯಮದಂತೆ, ಹಣಕ್ಕೆ ಸಂಬಂಧಿಸಿದ ತೀರ್ಮಾನ ತಮ್ಮ ಒಪ್ಪಿಗೆಯಿಲ್ಲದೆ ಆದರೆ ಹಣಕಾಸು ಸಚಿವರು ವಿಧ್ಯುಕ್ತವಾಗಿ ಆಕ್ಷೇಪ ಎತ್ತಬಹುದು. ಆಗ ವಿಷಯ ಮತ್ತೊಮ್ಮೆ ಮತಕ್ಕೆ ಬರಬೇಕು. ಹಿಂದಿನ ಮೂರು ಪಕ್ಷಗಳ ಸರ್ಕಾರ ಬಿದ್ದದ್ದೂ ಈ ಕುರ್ಚಿಯ ಸುತ್ತಲೇ. 2024ರ ನವೆಂಬರ್ 6ರಂದು, ಬಜೆಟ್ ಜಗಳದಲ್ಲಿ, ಚಾನ್ಸಲರ್ ಓಲಾಫ್ ಶೋಲ್ಟ್ಸ್ ತಮ್ಮ ಹಣಕಾಸು ಸಚಿವ ಕ್ರಿಸ್ಟಿಯಾನ್ ಲಿಂಡ್ನರ್ ಅವರನ್ನು ಕೈಬಿಟ್ಟರು.

65ನೇ ವಿಧಿಯಂತೆ ಚಾನ್ಸಲರ್ ದಿಕ್ಕು ತೋರಿಸುತ್ತಾರೆ, ಪ್ರತಿ ಮಂತ್ರಿ ತನ್ನ ಖಾತೆಯನ್ನು ತನ್ನ ಹೊಣೆಯಲ್ಲಿ ನಡೆಸುತ್ತಾರೆ. ಹಾಗೆಂದು ಚಾನ್ಸಲರ್ ಕಣ್ಣು ಮುಚ್ಚಿ ಕೂರುವುದಿಲ್ಲ. ಅವರ ಕಚೇರಿಯಲ್ಲಿ ಒಂದೊಂದು ಸಚಿವಾಲಯಕ್ಕೂ ಎದುರಾಗಿ ಒಂದು ವಿಭಾಗವಿದೆ. ‘ಶ್ಪೀಗಲ್‌ರೆಫರಾಟ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ‘ಕನ್ನಡಿ ವಿಭಾಗ’ ಎಂದರೆ ಸರಿಹೋಗುತ್ತದೆ.

ಮೇ 6ರ ಬೆಳಿಗ್ಗೆ ಎಲ್ಲ ಸಜ್ಜಾಗಿತ್ತು. ಎಸ್‌ಪಿಡಿ ಸದಸ್ಯರ ಮತದಾನದಲ್ಲಿ ಒಪ್ಪಂದಕ್ಕೆ ಶೇ 84.6ರಷ್ಟು ಒಪ್ಪಿಗೆ ಸಿಕ್ಕಿತ್ತು, ಹಿಂದಿನ ದಿನವೇ ಸಹಿ ಬಿದ್ದಿತ್ತು. ಮೈತ್ರಿಯ ಬಲ 328. ಮೆರ್ತ್ಸ್ ಅವರಿಗೆ ಬಿದ್ದ ಮತ 310, ಬೇಕಿದ್ದ 316ಕ್ಕೆ ಆರು ಕಡಿಮೆ. ಚಾನ್ಸಲರ್ ಅಭ್ಯರ್ಥಿಯೊಬ್ಬರು ಮೊದಲ ಸುತ್ತಿನಲ್ಲಿ ಸೋತದ್ದು ಯುದ್ಧಾನಂತರದ ಜರ್ಮನಿಯಲ್ಲಿ ಅದೇ ಮೊದಲು. ಅದೇ ದಿನ ಎರಡನೇ ಸುತ್ತು ನಡೆಸಲು ಸದನದ ನಿಯಮ ಸಡಿಲಿಸಬೇಕಿತ್ತು, ಅದಕ್ಕೆ ಮೂರನೇ ಎರಡು ಬಹುಮತ ಬೇಕು. ಯಾವ ಪಕ್ಷದ ಜೊತೆ ಸಹಕಾರವಿಲ್ಲ ಎಂದು ಸಿಡಿಯು ಅಧಿಕೃತ ನಿರ್ಣಯ ಮಾಡಿತ್ತೋ ಆ ಎಡಪಕ್ಷದ ಬಾಗಿಲನ್ನೂ ತಟ್ಟಬೇಕಾಯಿತು. ಮಧ್ಯಾಹ್ನದ ಸುತ್ತಿನಲ್ಲಿ 325 ಮತ ಬಂದವು, ಆಮೇಲೆ ಮಂತ್ರಿಗಳ ಪ್ರಮಾಣವಚನ ನಡೆಯಿತು. ಸಂಸತ್ತಿನಲ್ಲಿ ಮೈತ್ರಿಪಕ್ಷಗಳು ಒಟ್ಟಾಗಿಯೇ ಮತ ಹಾಕಬೇಕು ಎಂಬ ವಾಕ್ಯ ಒಪ್ಪಂದದಲ್ಲಿತ್ತು. ಆದರೆ ಚಾನ್ಸಲರ್ ಆಯ್ಕೆ ರಹಸ್ಯ ಮತದಾನ. ಬೆಳಿಗ್ಗೆ ಕೈಕೊಟ್ಟವರು ಯಾವ ಪಕ್ಷದವರೆಂದು ಇಂದಿಗೂ ಗೊತ್ತಾಗಿಲ್ಲ.