ಹಳೆ ಲ್ಯಾಪ್‌ಟಾಪ್, ದೊಡ್ಡ ಟಿವಿ ಮತ್ತು 24 ಫ್ರೇಮ್‌ಗಳ ಲೆಕ್ಕ

ಹತ್ತು ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪ್ ಬೇರೆ ಕೆಲಸಕ್ಕೆ ನಿಧಾನ ಅನ್ನಿಸಬಹುದು. ಸಿನಿಮಾ ತೋರಿಸೋಕೆ ಮಾತ್ರ ಇವತ್ತಿಗೂ ಧಾರಾಳವಾಗಿ ಸಾಕು. ಬಹಳ ಜನ ಟಿವಿಗೆ ಕೇಬಲ್ ಸಿಕ್ಕಿಸುತ್ತಾರೆ, ಚಿತ್ರ ಬಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನನಗೆ ಬೇಸರ ಆಗುವುದು ಅಲ್ಲೇ. ಚಿತ್ರ ಬರುವುದು ಬೇರೆ, ಸಿನಿಮಾ ತೆಗೆದವರು ಬಯಸಿದ ಹಾಗೆ ಬರುವುದು ಬೇರೆ. ಎರಡನೆಯದಕ್ಕೆ ಹೆಚ್ಚಿನ ಖರ್ಚೇನೂ ಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಮೂರ್ನಾಲ್ಕು ಕಡೆ ಕೈಯಾಡಿಸಿದರೆ ಆಯಿತು.

ಮೊದಲು ಲ್ಯಾಪ್‌ಟಾಪಿನ ಅಂಚು ನೋಡಿ. ಮೂರು ಸಾಲಲ್ಲಿ 15 ತೂತುಗಳಿದ್ದರೆ ಅದು ವಿಜಿಎ, ಪರದೆಗೆ ಚಿತ್ರ ಕಳಿಸುವ ಹಳೆಯ ಬಗೆಯ ಕಿಂಡಿ. 1987ರಲ್ಲಿ ಐಬಿಎಂ ತಂದದ್ದು. ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ. ಯಾವ ಬಣ್ಣ ಎಷ್ಟು ಇರಬೇಕು ಅನ್ನುವುದು ಆ ತಂತಿಯ ವೋಲ್ಟೇಜಿನ ಏರಿಳಿತದಲ್ಲಿ ಹೋಗುತ್ತದೆ, ಸೊನ್ನೆಯಿಂದ ಸುಮಾರು 0.7 ವೋಲ್ಟ್‌ವರೆಗೆ. ಹಾಗಾಗಿ ಕೇಬಲ್ ಉದ್ದವಾದಷ್ಟೂ ಚಿತ್ರದ ಅಂಚುಗಳು ಮಸುಕಾಗುತ್ತವೆ. ಧ್ವನಿಯಂತೂ ಇದರಲ್ಲಿ ಹೋಗುವುದೇ ಇಲ್ಲ. 2002ರ ಕೊನೆಗೆ ಬಂದ ಎಚ್‌ಡಿಎಂಐ ಎಲ್ಲವನ್ನೂ ಅಂಕಿಗಳಾಗಿ ಕಳಿಸುತ್ತದೆ, ಧ್ವನಿಯನ್ನೂ ಸೇರಿಸಿ. ಲ್ಯಾಪ್‌ಟಾಪಿನಲ್ಲಿ ಅದಿದ್ದರೆ ಒಂದೇ ಕೇಬಲ್ ಸಾಕು.

ವಿಜಿಎ ಮಾತ್ರ ಇದ್ದು ಟಿವಿಯಲ್ಲಿ ಬರೀ ಎಚ್‌ಡಿಎಂಐ ಇದ್ದರೆ, ಒಂದು ತುದಿ ವಿಜಿಎ ಇನ್ನೊಂದು ತುದಿ ಎಚ್‌ಡಿಎಂಐ ಇರುವ ಬರೀ ವೈರು ಕೊಳ್ಳಬೇಡಿ. ವೋಲ್ಟೇಜನ್ನು ಅಳೆದು ಅಂಕಿ ಮಾಡುವ ಚಿಪ್ ಒಳಗಿರುವ ಕನ್ವರ್ಟರ್ ಬೇಕು. ಸಾಮಾನ್ಯವಾಗಿ ಅದಕ್ಕೆ ಕರೆಂಟು ಯುಎಸ್‌ಬಿಯಿಂದ, ಧ್ವನಿ ಹೆಡ್‌ಫೋನ್ ಜ್ಯಾಕಿನಿಂದ. ದಿಕ್ಕು ನೋಡಿ ಕೊಳ್ಳಿ. ಎಚ್‌ಡಿಎಂಐನಿಂದ ವಿಜಿಎಗೆ ಬದಲಾಯಿಸುವ ಕನ್ವರ್ಟರ್ ನೋಡೋಕೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಆದರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೇಬಲ್ ಸಿಕ್ಕಿಸಿದ ಕೂಡಲೇ ಎರಡೂ ಯಂತ್ರಗಳ ನಡುವೆ ಒಂದು ಪರಿಚಯ ನಡೆಯುತ್ತದೆ. ಟಿವಿಯೊಳಗೆ ಇಡಿಐಡಿ ಅನ್ನುವ ಪುಟ್ಟ ಪಟ್ಟಿ ಇದೆ. ಅದರ ಮೂಲ ಭಾಗ ಬರೀ 128 ಬೈಟ್. ನಾನು ಎಷ್ಟು ಚುಕ್ಕಿಗಳ ಚಿತ್ರ ತೋರಿಸಬಲ್ಲೆ, ಸೆಕೆಂಡಿಗೆ ಎಷ್ಟು ಸಲ ಬದಲಿಸಬಲ್ಲೆ ಅನ್ನುವ ವಿವರ ಅದರಲ್ಲಿರುತ್ತದೆ. ಲ್ಯಾಪ್‌ಟಾಪ್ ಅದನ್ನು ಓದಿ ಚಿತ್ರ ಕಳಿಸುತ್ತದೆ. ತೊಂದರೆ ಶುರುವಾಗುವುದು ಎರಡೂ ಪರದೆಯಲ್ಲಿ ಒಂದೇ ಚಿತ್ರ ಇರಲಿ ಅಂದಾಗ. ಹಳೆ ಲ್ಯಾಪ್‌ಟಾಪುಗಳ ಪರದೆ ಬಹುತೇಕ 1366 ಗುಣಿಸು 768 ಚುಕ್ಕಿ. ಟಿವಿ 1920 ಗುಣಿಸು 1080 ಇದ್ದರೂ ಎಷ್ಟೋ ಸಲ ಅದಕ್ಕೆ ಆ ಸಣ್ಣ ಚಿತ್ರವೇ ಹೋಗುತ್ತದೆ. ಒಂದು ಚುಕ್ಕಿಯನ್ನು 1.4 ಚುಕ್ಕಿಯಾಗಿ ಹಿಗ್ಗಿಸೋಕೆ ಆಗುತ್ತಾ? ಅಕ್ಕಪಕ್ಕದ ಬಣ್ಣ ಬೆರೆಸಿ ತುಂಬಿಸಬೇಕು, ಚಿತ್ರ ಮೆತ್ತಗಾಗುತ್ತದೆ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಎರಡನೇ ಪರದೆ ಮಾತ್ರ ಅನ್ನುವುದನ್ನು ಆರಿಸಿ. ಆಮೇಲೆ ರೆಸಲ್ಯೂಷನ್, ಅಂದರೆ ಚುಕ್ಕಿಗಳ ಲೆಕ್ಕ, ಟಿವಿಯದೇ ಇದೆಯಾ ನೋಡಿ. ಚಿತ್ರದ ಅಂಚು ಕತ್ತರಿಸಿದ ಹಾಗೆ ಕಂಡರೆ ಅದು ಓವರ್‌ಸ್ಕ್ಯಾನ್, ಪಿಕ್ಚರ್ ಟ್ಯೂಬ್ ಕಾಲದ ಅಭ್ಯಾಸ. ಟಿವಿಯ ಪಿಕ್ಚರ್ ಸೈಜ್ ಮೆನುವಿನಲ್ಲಿ ಆಫ್ ಮಾಡಬಹುದು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಸಂಗತಿ. ಮಾತಿನ ಚಿತ್ರಗಳು ಬಂದ 1920ರ ದಶಕದ ಕೊನೆಯಿಂದ ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಲ್ಯಾಪ್‌ಟಾಪ್ ಟಿವಿಗೆ ಕಳಿಸುವುದು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸೋಕೆ ಆಗುವುದಿಲ್ಲ, ಅಲ್ವಾ? ಅದಕ್ಕೆ ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ, ಮತ್ತೆ ಎರಡು, ಮತ್ತೆ ಮೂರು. ಅಂದರೆ ಒಂದು ಫ್ರೇಮ್ ಪರದೆಯ ಮೇಲೆ 33 ಮಿಲಿಸೆಕೆಂಡ್ ಇದ್ದರೆ ಮುಂದಿನದು 50. ಇರಬೇಕಾದ್ದು ಎಲ್ಲವೂ 41.7. ಮಾತಿನ ದೃಶ್ಯದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ಬೆಟ್ಟದ ಸಾಲಿನ ಮೇಲೆ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗುವಾಗ ನೋಡಿ, ಬೆಟ್ಟ ಕುಂಟುತ್ತಾ ಹೋಗುತ್ತದೆ. ಕೊನೆಯಲ್ಲಿ ಮೇಲಕ್ಕೆ ಸರಿಯುವ ಹೆಸರುಗಳಲ್ಲೂ ಈ ಕುಂಟು ಕಾಣುತ್ತದೆ.

ಸೆಕೆಂಡಿಗೆ ಎಷ್ಟು ಸಲ ಚಿತ್ರ ಕಳಿಸಬೇಕು ಅನ್ನುವುದಕ್ಕೆ ರಿಫ್ರೆಶ್ ರೇಟ್ ಅಂತ ಹೆಸರು, ಅದರ ಅಳತೆ ಹರ್ಟ್ಜ್. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬದಲಿಸಿದರೆ ಈ ಕುಂಟು ಹೋಗುತ್ತದೆ. ಟಿವಿ ಒಪ್ಪಿದರೆ ಅಲ್ಲಿ 23 ಮತ್ತು 24 ಹರ್ಟ್ಜ್ ಎರಡೂ ಕಾಣಬಹುದು. 23 ಅಂತ ತೋರಿಸುವುದು ನಿಜವಾಗಿ 23.976. 1953ರಲ್ಲಿ ಅಮೆರಿಕದಲ್ಲಿ ಬಣ್ಣದ ಟಿವಿಗೆ ನಿಯಮ ಮಾಡಿದಾಗ 60ನ್ನು 59.94ಕ್ಕೆ ಇಳಿಸಿದರು. ಆ ಇಳಿಕೆ 24ಕ್ಕೂ ಅಂಟಿಕೊಂಡಿತು. ಇವತ್ತಿಗೂ ಬಹಳಷ್ಟು ಸಿನಿಮಾ ಫೈಲುಗಳು 23.976ರಲ್ಲೇ ಇರುತ್ತವೆ. ಅಂಥ ಫೈಲನ್ನು ಸರಿಯಾಗಿ 24ರಲ್ಲಿ ಓಡಿಸಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬರುತ್ತದೆ. ಹಾಗಾಗಿ 23ನ್ನೇ ಆರಿಸಿ. 60 ಹರ್ಟ್ಜ್ ಪ್ಯಾನೆಲಿನ ಕೆಲವು ಟಿವಿಗಳು 24 ಒಪ್ಪಿಕೊಂಡರೂ ಒಳಗೆ ಮತ್ತದೇ ಎರಡು-ಮೂರರ ಲೆಕ್ಕ ಹಾಕುತ್ತವೆ. 120 ಹರ್ಟ್ಜ್ ಪ್ಯಾನೆಲ್ ಇದ್ದರೆ ಪ್ರತಿ ಫ್ರೇಮಿಗೂ ಸರಿಯಾಗಿ ಐದು ಸಲ ಸಿಗುತ್ತದೆ. ಟಿವಿಯ ಮೋಷನ್ ಸ್ಮೂದಿಂಗ್ ಕೂಡ ಆಫ್ ಮಾಡಿ ಅಂತ ನಾನು ಹೇಳುತ್ತೇನೆ. ಅದು ಎರಡು ಫ್ರೇಮುಗಳ ನಡುವೆ ತಾನೇ ಊಹಿಸಿದ ಚಿತ್ರ ತುರುಕುತ್ತದೆ. ಸಿನಿಮಾ ಹೋಗಿ ಧಾರಾವಾಹಿಯ ಹಾಗೆ ಕಾಣುತ್ತದೆ.

ಇನ್ನು ಕಪ್ಪು. ಕಂಪ್ಯೂಟರಿಗೆ ಕಡುಗಪ್ಪು ಅಂದರೆ 0, ಅಪ್ಪಟ ಬಿಳಿ ಅಂದರೆ 255. ಟಿವಿ ಲೋಕದಲ್ಲಿ ಕಪ್ಪು 16, ಬಿಳಿ 235. ಲ್ಯಾಪ್‌ಟಾಪ್ 16 ಕಳಿಸಿ, ಟಿವಿ ಅದನ್ನು 0ಯಿಂದ ಎಣಿಸಿದರೆ ರಾತ್ರಿಯ ದೃಶ್ಯ ಬೂದಿ ಬಳಿದ ಹಾಗಿರುತ್ತದೆ. ಉಲ್ಟಾ ಆದರೆ 0ಯಿಂದ 16ರವರೆಗಿನ ಎಲ್ಲವೂ ಒಂದೇ ಕಪ್ಪು. ಕತ್ತಲಲ್ಲಿ ನಿಂತವರ ಕೋಟಿನ ಮಡಿಕೆ, ಕೂದಲು, ಹಿಂದಿನ ಗೋಡೆ ಎಲ್ಲ ಮಾಯ. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಫುಲ್ ಅಥವಾ ಲಿಮಿಟೆಡ್ ಅಂತ ಇರುತ್ತದೆ, ಟಿವಿಯಲ್ಲಿ ಬ್ಲ್ಯಾಕ್ ಲೆವೆಲ್ ಅಂತ. ಯಾವುದಾದರೂ ಆಗಲಿ, ಎರಡೂ ಕಡೆ ಒಂದೇ ಇರಬೇಕು.

ಧ್ವನಿ ಇನ್ನೂ ಲ್ಯಾಪ್‌ಟಾಪಿನಿಂದಲೇ ಬರುತ್ತಿದ್ದರೆ ಸ್ಪೀಕರ್ ಐಕಾನ್ ಒತ್ತಿ ಟಿವಿಯನ್ನು ಆರಿಸಿ, ಅಷ್ಟೇ. ಆನ್‌ಲೈನ್ ಸಿನಿಮಾ ಸೇವೆಗಳ ವಿಷಯ ಬೇರೆ. ಎಚ್‌ಡಿಸಿಪಿ ಅನ್ನುವ ನಕಲು ತಡೆ ವಿಜಿಎಯಲ್ಲಿ ಇಲ್ಲ. ಹಾಗಾಗಿ ಆ ದಾರಿಯಲ್ಲಿ ಕೆಲವು ಸಿನಿಮಾ ಕಡಿಮೆ ಗುಣಮಟ್ಟದಲ್ಲಿ ಬರಬಹುದು, ಇಲ್ಲವೇ ಪರದೆ ಕಪ್ಪಾಗಿಯೇ ಉಳಿಯಬಹುದು.

ಲ್ಯಾಪ್‌ಟಾಪಿನ ವಯಸ್ಸು ನಿಜವಾಗಿ ಲೆಕ್ಕಕ್ಕೆ ಬರುವುದು ಒತ್ತಿ ಚಿಕ್ಕದು ಮಾಡಿದ ಸಿನಿಮಾ ಫೈಲನ್ನು ಬಿಚ್ಚುವಾಗ. ಎರಡು ಗಂಟೆಯ ಸಿನಿಮಾ 4 ಜಿಬಿ ಇದ್ದರೆ ಡಿಸ್ಕಿನಿಂದ ಬರುವುದು ಸೆಕೆಂಡಿಗೆ ಸುಮಾರು 44 ಲಕ್ಷ ಬಿಟ್. ಬಿಚ್ಚಿದ ಮೇಲೆ 24 ಪೂರ್ತಿ ಎಚ್‌ಡಿ ಫ್ರೇಮುಗಳಿಗೆ ಸೆಕೆಂಡಿಗೆ ಸುಮಾರು 120 ಕೋಟಿ ಬಿಟ್. ಹತ್ತಿರ ಹತ್ತಿರ 270 ಪಟ್ಟು! ಹೀಗೆ ವಿಡಿಯೋ ಒತ್ತುವ 2003ರ ಎಚ್.264 ಮಾದರಿಯನ್ನು ಬಿಚ್ಚುವ ವಿಶೇಷ ಸರ್ಕ್ಯೂಟ್ ಹತ್ತು ಹನ್ನೆರಡು ವರ್ಷ ಹಳೆಯ ಚಿಪ್ಪುಗಳಲ್ಲೂ ಇದೆ. ಅದರ ನಂತರದ ಮಾದರಿಯಾದ 2013ರ ಎಚ್‌ಇವಿಸಿಗೆ ಅಂಥ ಪೂರ್ತಿ ಸರ್ಕ್ಯೂಟ್ ಇಂಟೆಲ್‌ನಲ್ಲಿ ಬಂದದ್ದು 2015ರ ಆರನೇ ತಲೆಮಾರಿನಲ್ಲಿ. ಅದಕ್ಕೂ ಹಳೆಯದಾದರೆ ಮುಖ್ಯ ಪ್ರೊಸೆಸರೇ ಒದ್ದಾಡಬೇಕು. ಫ್ಯಾನ್ ಜೋರಾಗಿ ತಿರುಗುತ್ತಾ ಚಿತ್ರ ತಡೆತಡೆದು ಬಂದರೆ ಟಿವಿಯನ್ನೋ ಕೇಬಲನ್ನೋ ಬೈಯಬೇಡಿ. ಅದೇ ಸಿನಿಮಾದ ಎಚ್.264 ಪ್ರತಿ ಹಾಕಿ ನೋಡಿ. ಫೈಲ್ ಸ್ವಲ್ಪ ಜಾಸ್ತಿ ಜಾಗ ತಿನ್ನುತ್ತದೆ, ಅಷ್ಟೇ.